ಯುದ್ಧವಿಮಾನ ಚಾಲಕನ ಕೈಯ ದಂಡ

ಬೆಂಗಳೂರಿನ ವಿಮಾನ ಕಾರ್ಖಾನೆಯನ್ನು 1940ರ ಡಿಸೆಂಬರಿನಲ್ಲಿ ಮೈಸೂರು ಸಂಸ್ಥಾನದ ನೆರವಿನೊಡನೆ ಸ್ಥಾಪಿಸಿದ ವಾಲ್‌ಚಂದ್ ಹೀರಾಚಂದರು ಸೋಲಾಪುರದಲ್ಲಿ ನೆಲೆಸಿದ್ದ ಗುಜರಾತಿ ಮನೆತನದವರು. ಗುಜರಾತಿನಲ್ಲಿ ನೆಲೆಸಿರುವ ಕನ್ನಡಿಗರಾದ ನಾವು ಈ ನಂಟನ್ನು ನೆನೆಯಬೇಕಾದದ್ದೇ. ಮುಂದೆ ಬೆಂಗಳೂರಿನಲ್ಲಿ ರೂಪುಗೊಂಡ ಎರಡು ಯುದ್ಧವಿಮಾನಗಳನ್ನು ಹೋಲಿಸಿ ನೋಡಿದರೆ, ಚಾಲಕನು ಹಿಡಿಯುವ ಕಂಟ್ರೋಲ್ ಸ್ಟಿಕ್ ಎಂಬ ದಂಡದ ಇತಿಹಾಸ ಚೆನ್ನಾಗಿ ಮನದಟ್ಟಾಗುತ್ತದೆ.

ದಂಡವನ್ನು ತನ್ನತ್ತ ಎಳೆದರೆ ವಿಮಾನದ ಮೂತಿ ಮೇಲೇಳುತ್ತದೆ. ಮುಂದಕ್ಕೆ ತಳ್ಳಿದರೆ ಇಳಿಯುತ್ತದೆ. ಪಕ್ಕಕ್ಕೆ ಸರಿಸಿದರೆ ವಿಮಾನವೂ ಅತ್ತ ವಾಲುತ್ತದೆ. ಮೊದಲನೆಯ ಮಹಾಯುದ್ಧದಿಂದ ಇಂದಿನವರೆಗೆ ಈ ನಿಯಮ ಬದಲಾಗಿಲ್ಲ. ಬದಲಾದದ್ದು ದಂಡಕ್ಕೂ ರೆಕ್ಕೆ, ಬಾಲಗಳ ಚಲಿಸುವ ಫಲಕಗಳಿಗೂ ನಡುವಿನ ಸಂಪರ್ಕ. ಆದಿಯಲ್ಲಿ ಅದು ಉಕ್ಕಿನ ತಂತಿ. ಎಳೆಯುವ ಬಲವೆಲ್ಲ ಚಾಲಕನದೇ. ಎರಡನೆಯ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನದ ದಂಡದ ತುದಿಯಲ್ಲಿ ಬಳೆಯಂಥ ಹಿಡಿಯೂ ಬಂದೂಕು ಹಾರಿಸುವ ಗುಂಡಿಯೂ ಇದ್ದವು. ಆದರೆ ವೇಗ ಇಮ್ಮಡಿಯಾದರೆ ಗಾಳಿಯ ಒತ್ತಡ ನಾಲ್ಮಡಿಯಾಗುತ್ತದೆ. ಜೆಟ್ ವಿಮಾನಗಳು ಬಂದಾಗ ತೋಳ್ಬಲ ಸಾಲದೆ, ಎಣ್ಣೆಯ ಒತ್ತಡದಿಂದ ಫಲಕಗಳನ್ನು ತಿರುಗಿಸುವ ಹೈಡ್ರಾಲಿಕ್ ವ್ಯವಸ್ಥೆ ಬಂದಿತು. ಇದರಿಂದ ಗಾಳಿಯ ಭಾರ ಕೈಗೆ ತಿಳಿಯದಂತಾಗಿ, ಚಾಲಕನು ಅತಿಯಾಗಿ ಎಳೆದುಬಿಡುವ ಅಪಾಯ ತಲೆದೋರಿತು. ಆದಕಾರಣ ಸ್ಪ್ರಿಂಗು ಮೊದಲಾದವುಗಳನ್ನು ಜೋಡಿಸಿ ದಂಡಕ್ಕೆ ಕೃತಕ ಭಾರವನ್ನು ಕೊಟ್ಟರು!

ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ಸಿದ್ಧವಾದ ಎಚ್.ಎಫ್.-24 ಮಾರುತ ಈ ಕಾಲದ್ದು. 1961ರ ಜೂನ್ 17ರಂದು ಅದನ್ನು ಮೊದಲು ಹಾರಿಸಿದವರು ಸುರಂಜನ್ ದಾಸ್. ಹೈಡ್ರಾಲಿಕ್ ಕೆಟ್ಟರೆ ಕೈಬಲದಿಂದಲೇ ವಿಮಾನವನ್ನು ನಡೆಸುವ ಏರ್ಪಾಡು ಅದರಲ್ಲಿತ್ತು. ಯುದ್ಧದಲ್ಲಿ ಗುಂಡು ತಗುಲಿದ ವಿಮಾನಕ್ಕೆ ಇದು ಜೀವ ಉಳಿಸುವ ವಿಷಯ.

ಮುಂದಿನ ಹೆಜ್ಜೆಯಲ್ಲಿ ದಂಡವು ವಿದ್ಯುತ್ ಸಂಕೇತವನ್ನಷ್ಟೇ ಕಳಿಸತೊಡಗಿತು. ಅಮೆರಿಕದ ಎಫ್-16ರಲ್ಲಿ ದಂಡವನ್ನು ಬಲಗಡೆಗೆ ಒಯ್ದು, ಅಲುಗದಂತೆಯೇ ಮಾಡಿದ್ದರು. ಅದು ಕೈಯ ಒತ್ತಡವನ್ನು ಮಾತ್ರ ಅಳೆಯುತ್ತಿತ್ತು. ಚಾಲಕರಿಗೆ ಇದು ಒಗ್ಗದೆ, ಕೊನೆಗೆ ತುಸು ಅಲುಗುವಂತೆ ಮಾಡಬೇಕಾಯಿತು. ಮನುಷ್ಯನ ಕೈಗೆ ಉತ್ತರ ಬೇಕು.

2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಬಾರಿಗೆ ಹಾರಿದ ತೇಜಸ್‌ನಲ್ಲಿ ದಂಡ ನಡುವೆಯೇ ಇದೆ. ಆದರೆ ಚುರುಕಾಗಿ ತಿರುಗಲೆಂದು ವಿಮಾನವನ್ನೇ ಅಸ್ಥಿರವಾಗಿ ರಚಿಸಿರುವುದರಿಂದ, ಕಂಪ್ಯೂಟರು ಎಡೆಬಿಡದೆ ಸರಿಪಡಿಸುತ್ತಿರಬೇಕು. ಇಲ್ಲಿ ಮಾರುತದಂತೆ ಕೈಬಲದ ಆಸರೆಯಿಲ್ಲ. ಬದಲಿಗೆ ನಾಲ್ಕು ಸಮಾನ ವಿದ್ಯುನ್ಮಾರ್ಗಗಳು ಒಂದನ್ನೊಂದು ಪರೀಕ್ಷಿಸುತ್ತವೆ. 1998ರ ಅಣುಪರೀಕ್ಷೆಯ ನಂತರ ಅಮೆರಿಕ ಸಹಕಾರ ನಿಲ್ಲಿಸಿದಾಗ, ಈ ನಿಯಂತ್ರಣದ ಕೆಲಸವನ್ನು ನಮ್ಮವರೇ ಪೂರೈಸಿದರು.

ಹೀಗೆ ಚಾಲಕನ ಪ್ರಾಣ ಮೊದಲು ಅವನ ತೋಳನ್ನು ನಂಬಿತ್ತು. ಈಗ ಅವನು ಕಾಣದ ಎಷ್ಟೋ ಜನರ ಲೆಕ್ಕವನ್ನು ನಂಬಿದೆ. ರಜೆಯಲ್ಲಿ ಬೆಂಗಳೂರಿಗೆ ಹೋಗುವ ಮಕ್ಕಳಿಗೆ ಎಚ್.ಎ.ಎಲ್. ವಸ್ತುಸಂಗ್ರಹಾಲಯದ ಮಾರುತವನ್ನು ತೋರಿಸಿ, ಇದನ್ನು ತಿಳಿಸಿ ಹೇಳೋಣ.