ಬೈನರಿಯ ಹೊಟ್ಟೆಯೊಳಗಿನ ನಾಲ್ಕು ಚಿಹ್ನೆ

ಐಲ್ಯಾಂಡ್ ಎಕ್ಸ್‌ಪ್ರೆಸ್ಸಲ್ಲಿ ಬಂದು ತಂಪಾನೂರಲ್ಲಿ ಇಳಿದು ಟೆಕ್ನೋಪಾರ್ಕ್ ಸೇರಿದವರಿರಲಿ, ಕೊಚ್ಚಿಯ ಇನ್ಫೋಪಾರ್ಕ್‌ನಲ್ಲಿರೋರಿರಲಿ, ನಮ್ಮಲ್ಲಿ ಬಹಳ ಜನರ ಕೆಲಸ ಒಂದೇ: ಬೇರೆ ಯಾರೋ ಬರೆದ ಸಾಫ್ಟ್‌ವೇರ್ ನೋಡಿಕೊಳ್ಳೋದು. ಬರೆದವರು ಕಂಪನಿ ಬಿಟ್ಟಿರ್ತಾರೆ. ಸರ್ವರ್‌ನಲ್ಲಿ ಬರೀ ಬೈನರಿ ಉಳಿದಿರುತ್ತೆ. ಆಗ ಕ್ಲೈಂಟ್ ಕೇಳ್ತಾರೆ, "ಇದು ಯಾವ ವರ್ಷನ್?" ಈ ಪ್ರಶ್ನೆಗೆ ಐವತ್ತು ವರ್ಷದ ಇತಿಹಾಸವಿದೆ.

1972ರಲ್ಲಿ ಬೆಲ್ ಲ್ಯಾಬ್ಸ್‌ನ ಮಾರ್ಕ್ ರೋಚ್‌ಕೈಂಡ್ ಎಸ್‌ಸಿಸಿಎಸ್ ಎಂಬ ವರ್ಷನ್ ಕಂಟ್ರೋಲ್ ವ್ಯವಸ್ಥೆ ಶುರು ಮಾಡಿದರು. ಅದರ ಜೊತೆ ಬಂದ ಒಂದು ಪುಟ್ಟ ಕಮಾಂಡ್ 'ವಾಟ್'. ಸೋರ್ಸ್‌ನಲ್ಲಿ @(#) ಅನ್ನೋ ನಾಲ್ಕು ಚಿಹ್ನೆ, ಅದರ ಮುಂದೆ ಫೈಲಿನ ಹೆಸರು ಮತ್ತು ವರ್ಷನ್ ಇರುವ ಸ್ಟ್ರಿಂಗ್ ಇಟ್ಟರೆ, ಕಂಪೈಲ್ ಆದ ಮೇಲೂ ಅದು ಬೈನರಿಯಲ್ಲಿ ಹಾಗೇ ಕೂತಿರುತ್ತೆ. 'ವಾಟ್' ಆ ನಾಲ್ಕು ಚಿಹ್ನೆ ಹುಡುಕಿ ಮುಂದಿನದನ್ನು ತೋರಿಸುತ್ತೆ, ಅಷ್ಟೇ.

1980ರ ದಶಕದಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ವಾಲ್ಟರ್ ಟಿಚಿ ಅವರ ಆರ್‌ಸಿಎಸ್ ಬಂತು. ಅದರ 'ಐಡೆಂಟ್' ಕಮಾಂಡ್ ಎರಡು ಡಾಲರ್ ಚಿಹ್ನೆಗಳ ನಡುವಿನ ಗುರುತು ಹುಡುಕುತ್ತೆ. ಇವ್ಯಾವುದೂ ಇಲ್ಲದ ಬೈನರಿಗೆ 'ಸ್ಟ್ರಿಂಗ್ಸ್' ಇದ್ದೇ ಇದೆ: ಸಾಲಾಗಿ ನಾಲ್ಕು ಓದಬಲ್ಲ ಅಕ್ಷರ ಸಿಕ್ಕಿದರೆ ಸಾಕು, ಪ್ರಿಂಟ್ ಮಾಡುತ್ತೆ.

ಆದರೆ ಇದೆಲ್ಲ ರೈಲು ಬೋಗಿಗೆ ನೇತುಹಾಕಿದ ಬೋರ್ಡ್ ಇದ್ದ ಹಾಗೆ. ಬೋರ್ಡ್ ಹಾಕಿದವರು ಏನು ಬರೆದರು ಅನ್ನೋದು ಗೊತ್ತಾಗುತ್ತೆ, ಒಳಗೆ ಏನಿದೆ ಅನ್ನೋದಲ್ಲ.

2014ರ ಏಪ್ರಿಲ್‌ನಲ್ಲಿ ಹಾರ್ಟ್‌ಬ್ಲೀಡ್ ಬಂದಾಗ ಇದು ಚೆನ್ನಾಗಿ ಗೊತ್ತಾಯ್ತು. ಓಪನ್‌ಎಸ್‌ಎಸ್‌ಎಲ್ 1.0.1ರಿಂದ 1.0.1-ಎಫ್‌ವರೆಗೆ ತೂತು, 1.0.1-ಜಿಯಲ್ಲಿ ರಿಪೇರಿ. ಆದರೆ ಡೆಬಿಯನ್, ರೆಡ್ ಹ್ಯಾಟ್‌ನವರು ತಮ್ಮ ಹಳೆಯ 1.0.1-ಇ ಒಳಗೇ ರಿಪೇರಿ ಸೇರಿಸಿ ಕೊಟ್ಟರು. ಬೈನರಿ ತನ್ನನ್ನು 1.0.1-ಇ ಅಂತಲೇ ಹೇಳಿಕೊಳ್ತಿತ್ತು, ಆದರೆ ತೂತು ಮುಚ್ಚಿತ್ತು. ಬರೀ ಸ್ಟ್ರಿಂಗ್ ನೋಡಿದವರಿಗೆ ರಿಪೇರಿಯಾದ ಸರ್ವರ್ರೂ ಆಗದ ಸರ್ವರ್ರೂ ಒಂದೇ ಥರ ಕಾಣ್ತಿತ್ತು. ನಿಜ ಹೇಳ್ತಿದ್ದದ್ದು ಪ್ಯಾಕೇಜ್ ನಂಬರ್ ಮತ್ತು ಅದರ ಚೇಂಜ್‌ಲಾಗ್.

ಹಳೇ ವರ್ಷನ್‌ಗೆ ಹೀಗೆ ತೇಪೆ ಹಾಕೋಕೆ ಆಗಿದ್ದು ಸೋರ್ಸ್ ಎಲ್ಲರ ಕೈಲಿದ್ದುದರಿಂದ. ಆ ಸ್ವಾತಂತ್ರ್ಯಕ್ಕಾಗಿ ಕೆಲಸ ಮಾಡುವ ಎಫ್‌ಎಸ್‌ಎಫ್ ಇಂಡಿಯಾ 2001ರ ಜುಲೈನಲ್ಲಿ ಉದ್ಘಾಟನೆಯಾದದ್ದು ನಾವಿರುವ ಇದೇ ತಿರುವನಂತಪುರದಲ್ಲಿ.

ಹಳೇ ಉಪಾಯ ಈಗ ಹೊಸ ರೂಪದಲ್ಲಿ ವಾಪಸ್ ಬಂದಿದೆ. 2022ರ ಗೋ 1.18ರಿಂದ, ಗಿಟ್ ರೆಪೊಸಿಟರಿಯೊಳಗೆ ಬಿಲ್ಡ್ ಮಾಡಿದರೆ ಕಮಿಟ್ ಗುರುತು ತಾನಾಗೇ ಬೈನರಿಗೆ ಸೇರುತ್ತೆ. ಬಿಲ್ಡ್ ಮಾಡುವಾಗ ಬದಲಾವಣೆ ಕಮಿಟ್ ಆಗದೆ ಉಳಿದಿದ್ದರೆ ಅದನ್ನೂ ಬರೆದಿಡುತ್ತೆ.

ನಾನು ಹೇಳೋದಿಷ್ಟೇ: ನೀವು ಬಿಲ್ಡ್ ಮಾಡುವ ಬೈನರಿಗೆ ಇವತ್ತೇ ಒಂದು ಗುರುತು ಹಾಕಿ. ಬೇರೆಯವರ ಗುರುತು ಓದುವಾಗ ಮಾತ್ರ ಅದೊಂದನ್ನೇ ನಂಬಿ ಕ್ಲೈಂಟ್‌ಗೆ ಉತ್ತರ ಬರೀಬೇಡಿ.