ಶ್ವೇತ ರಕ್ತಕಣಗಳ ಚರಿತ್ರೆಯಲ್ಲಿ ಒಂದು ವಿವಾದ

ಯುದ್ಧದ ಚರಿತ್ರೆಯನ್ನು ಬರೆಯುವವನು ಗೆದ್ದವರಾರು, ಸೋತವರಾರು ಎಂಬುದನ್ನು ಹೇಳಲೇಬೇಕು. ವಿಜ್ಞಾನದ ಚರಿತ್ರೆಗೂ ಇದೇ ಅಳತೆಗೋಲನ್ನು ಹಿಡಿಯುವ ರೂಢಿ ನಮ್ಮಲ್ಲಿ ಬೆಳೆದುಬಂದಿದೆ. ಈ ರೂಢಿಯಿಂದ ಸತ್ಯಕ್ಕೆ ಎಷ್ಟರಮಟ್ಟಿನ ಹಾನಿಯಾಗಬಹುದೆಂಬುದನ್ನು ಶ್ವೇತ ರಕ್ತಕಣಗಳ ಬಗ್ಗೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನಡೆದ ವಿವಾದದ ಮೂಲಕ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಆರೋಗ್ಯವಂತನ ರಕ್ತದ ಒಂದು ಘನ ಮಿಲಿಮೀಟರಿನಲ್ಲಿ ಸುಮಾರು 4,000ದಿಂದ 11,000ದವರೆಗೆ ಶ್ವೇತಕಣಗಳಿರುತ್ತವೆ. ಕೆಂಪುಕಣಗಳ ಸಂಖ್ಯೆಯಾದರೋ ಲಕ್ಷಗಳಲ್ಲಿದೆ. ಆದುದರಿಂದ ಅಲ್ಪಸಂಖ್ಯಾತವಾದ ಈ ಬಣ್ಣವಿಲ್ಲದ ಕಣಗಳು ಬಹುಕಾಲ ವಿದ್ವಾಂಸರ ಗಮನವನ್ನು ಸೆಳೆಯದಿದ್ದುದು ಆಶ್ಚರ್ಯವಲ್ಲ. ಅವು ಮೊದಲು ಪ್ರಾಮುಖ್ಯಕ್ಕೆ ಬಂದದ್ದು ರೋಗದ ಚಿಹ್ನೆಯಾಗಿ. 1845ರಲ್ಲಿ ಎಡಿನ್‌ಬರೋದ ಬೆನೆಟ್ ಮತ್ತು ಬರ್ಲಿನ್ನಿನ ವಿರ್ಕೋ ಎಂಬ ವೈದ್ಯರು, ಕೆಲವೇ ವಾರಗಳ ಅಂತರದಲ್ಲಿ, ಶ್ವೇತಕಣಗಳು ವಿಪರೀತವಾಗಿ ಹೆಚ್ಚಿದ್ದ ರೋಗಿಗಳ ವಿವರವನ್ನು ಪ್ರಕಟಿಸಿದರು. ರಕ್ತವೇ ಕೀವಾಗಿದೆಯೆಂದು ಬೆನೆಟ್ ಭಾವಿಸಿದನು. ವಿರ್ಕೋ ಅದನ್ನು ಒಪ್ಪದೆ, 1847ರಲ್ಲಿ ಈ ರೋಗಕ್ಕೆ ಲ್ಯೂಕೀಮಿಯ ಎಂಬ ಹೆಸರನ್ನಿತ್ತನು. ಮುಂದೆ 1867ರಲ್ಲಿ ಕೋನ್‌ಹೈಮ್, ಉರಿಯೂತವಾದ ಕಡೆ ಶ್ವೇತಕಣಗಳು ರಕ್ತನಾಳದ ಗೋಡೆಯನ್ನು ದಾಟಿ ಹೊರಬರುವುದನ್ನು ತೋರಿಸಿಕೊಟ್ಟನು. ಆದರೂ ಅವುಗಳೊಳಗೆ ರೋಗಾಣುಗಳನ್ನು ಕಂಡ ಅನೇಕರು, ಈ ಕಣಗಳೇ ರೋಗವನ್ನು ದೇಹದಲ್ಲೆಲ್ಲ ಹರಡುತ್ತವೆಯೆಂದು ತಿಳಿದಿದ್ದರು. ಕಾವಲುಗಾರನೇ ಕಳ್ಳನೆಂಬ ಆಪಾದನೆಗೆ ಗುರಿಯಾಗಿದ್ದನು.

ಈ ಆಪಾದನೆಯಿಂದ ಅವನನ್ನು ಬಿಡಿಸಿದವನು ರಷ್ಯದ ಪ್ರಾಣಿಶಾಸ್ತ್ರಜ್ಞನಾದ ಮೆಚ್ನಿಕಾಫ್. 1882ರಲ್ಲಿ ಒಡೆಸ್ಸ ವಿಶ್ವವಿದ್ಯಾನಿಲಯದ ಹುದ್ದೆಗೆ ರಾಜೀನಾಮೆಯಿತ್ತು ಸಿಸಿಲಿಯ ಮೆಸೀನಕ್ಕೆ ಹೋದ ಅವನು, ನಕ್ಷತ್ರಮೀನಿನ ಪಾರದರ್ಶಕವಾದ ಮರಿಯ ಚರ್ಮದಡಿ ಗುಲಾಬಿಯ ಮುಳ್ಳನ್ನು ಚುಚ್ಚಿದನು. ಮರುದಿನ ಬೆಳಿಗ್ಗೆ ಚಲಿಸುವ ಜೀವಕೋಶಗಳು ಆ ಮುಳ್ಳನ್ನು ಮುತ್ತಿದ್ದುವು. ಈ ಪ್ರಸಂಗವನ್ನು ಅವನೇ ಅನೇಕ ವರ್ಷಗಳ ಅನಂತರ ಬರೆದದ್ದರಿಂದ, ಅದರ ನಾಟಕೀಯ ಅಂಶವನ್ನು ನಾವು ಸ್ವಲ್ಪ ಎಚ್ಚರದಿಂದ ಸ್ವೀಕರಿಸಬೇಕು. ಆದರೆ ಡಾಫ್ನಿಯ ಎಂಬ ಸಣ್ಣ ಜಲಚರದ ಕೋಶಗಳು ಶಿಲೀಂಧ್ರವನ್ನು ನುಂಗುವುದನ್ನು ವರ್ಣಿಸುವ 1884ರ ಅವನ ಪ್ರಬಂಧ ಸಮಕಾಲೀನ ದಾಖಲೆ. ಭಕ್ಷಕಕೋಶಗಳೇ ದೇಹದ ರಕ್ಷಕರೆಂಬುದು ಅವನ ವಾದವಾಯಿತು.

1890ರಲ್ಲಿ ಬರ್ಲಿನ್ನಿನಲ್ಲಿ ಬೇರಿಂಗ್ ಮತ್ತು ಕಿಟಸಾಟೊ, ಧನುರ್ವಾಯುವಿನ ವಿಷವನ್ನು ಅಡಗಿಸುವ ಶಕ್ತಿ ರಕ್ತದ ಸೀರಮ್ಮಿನಲ್ಲಿಯೇ ಇದೆಯೆಂದು ತೋರಿಸಿದರು. ರಕ್ಷಣೆ ಕೋಶದಿಂದಲೋ ದ್ರವದಿಂದಲೋ ಎಂಬ ವಿವಾದ ತೀವ್ರವಾಯಿತು. 1870-71ರ ಯುದ್ಧದ ವೈಷಮ್ಯವೇ ಇದರ ಮೂಲವೆಂದು, ಪ್ಯಾರಿಸ್ಸನ್ನು ಕೋಶದ ಪಕ್ಷವೆಂದೂ ಬರ್ಲಿನ್ನನ್ನು ದ್ರವದ ಪಕ್ಷವೆಂದೂ ವಿಭಾಗಿಸುವುದುಂಟು. ಈ ವಿವರಣೆ ಪೂರ್ತಿಯಾಗಿ ಸಾಲದು. ಮೆಚ್ನಿಕಾಫನ 1884ರ ಪ್ರಬಂಧವನ್ನು ಪ್ರಕಟಿಸಿದ್ದು ಜರ್ಮನಿಯ ವಿರ್ಕೋನ ಪತ್ರಿಕೆ. ಗಂಟಲಮಾರಿಗೆ ಸೀರಮ್ ಚಿಕಿತ್ಸೆಯನ್ನು 1894ರಲ್ಲಿ ಬಳಕೆಗೆ ತಂದವರಲ್ಲಿ ಪ್ಯಾರಿಸ್ಸಿನ ಪಾಸ್ತರ್ ಸಂಸ್ಥೆಯ ರೂ ಪ್ರಮುಖನು. ದ್ರವದ ಪಕ್ಷಕ್ಕೆ ಬಲವಿತ್ತ ಬೋರ್ದೆ ಮೆಚ್ನಿಕಾಫನ ಪ್ರಯೋಗಶಾಲೆಯಲ್ಲಿಯೇ ಕೆಲಸ ಮಾಡಿದವನು.

ವಿವಾದ ನಡೆದಿದ್ದಾಗಲೇ ಅದರ ಒಂದು ಎಳೆ ನಮ್ಮ ನಾಡನ್ನೂ ಮುಟ್ಟಿತು. ಒಡೆಸ್ಸದಲ್ಲಿ ಮೆಚ್ನಿಕಾಫನ ಶಿಷ್ಯನಾಗಿದ್ದ ಹಾಫ್ಕಿನ್ 1897ರಲ್ಲಿ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿದನು. ಮರುವರ್ಷ ಹುಬ್ಬಳ್ಳಿಯಲ್ಲಿ ಸಾವಿರಾರು ಜನರಿಗೆ ಅದನ್ನು ಹಾಕಲಾಯಿತು. ಅದು ದೇಹದೊಳಗೆ ಹೇಗೆ ಕೆಲಸ ಮಾಡುತ್ತದೆಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲದಿದ್ದಾಗಲೇ ಜನರು ತೋಳನ್ನೊಡ್ಡಿದ್ದರು.

1903ರಲ್ಲಿ ರೈಟ್ ಮತ್ತು ಡಗ್ಲಸ್, ಸೀರಮ್ಮಿನ ಕೆಲವು ವಸ್ತುಗಳು ರೋಗಾಣುವಿಗೆ ಅಂಟಿಕೊಂಡು ಅದನ್ನು ಭಕ್ಷಕಕೋಶಕ್ಕೆ ಸುಲಭವಾದ ತುತ್ತನ್ನಾಗಿ ಮಾಡುತ್ತವೆಯೆಂದು ಕಂಡುಹಿಡಿದರು. 1908ರ ನೊಬೆಲ್ ಬಹುಮಾನವನ್ನು ಮೆಚ್ನಿಕಾಫ್ ಮತ್ತು ದ್ರವದ ಪಕ್ಷದ ಪ್ರಮುಖನಾದ ಏರ್ಲಿಕ್ ಹಂಚಿಕೊಂಡರು. ರಾಜಿಯಾಯಿತೆಂದು ಮೇಲುನೋಟಕ್ಕೆ ತೋರಿದರೂ ವಸ್ತುಸ್ಥಿತಿ ಬೇರೆಯಾಗಿತ್ತು. ಮುಂದಿನ ನಾಲ್ಕೈದು ದಶಕಗಳಲ್ಲಿ ಸಂಶೋಧನೆ ಬಹುಮಟ್ಟಿಗೆ ಸೀರಮ್ಮಿನ ಕಡೆಗೇ ವಾಲಿತು. ಶ್ವೇತಕಣಗಳಲ್ಲೊಂದಾದ ಲಿಂಫೋಸೈಟಿನ ಕೆಲಸವೇನೆಂಬುದು ಅಸ್ಪಷ್ಟವಾಗಿಯೇ ಉಳಿಯಿತು.

ಈ ಅಜ್ಞಾನ ನಿರಪಾಯಕರವಾಗಿರಲಿಲ್ಲ. ಲಿಂಫೋಸೈಟುಗಳು ಪಕ್ವವಾಗುವ ಥೈಮಸ್ ಗ್ರಂಥಿಗೆ ಮುಖ್ಯವಾದ ಕೆಲಸವಿದೆಯೆಂದು ಆಗ ಯಾರಿಗೂ ತಿಳಿದಿರಲಿಲ್ಲ. ಶಿಶುಗಳಲ್ಲಿ ಅದು ಸಹಜವಾಗಿಯೇ ದೊಡ್ಡದಾಗಿರುತ್ತದೆ. ಅದನ್ನೇ ರೋಗವೆಂದು ಬಗೆದು, ಗ್ರಂಥಿಯನ್ನು ಕುಗ್ಗಿಸಲು ಎಕ್ಸ್‌ಕಿರಣಗಳನ್ನು ಹಾಯಿಸುವ ಚಿಕಿತ್ಸೆ ಅಮೆರಿಕದಲ್ಲಿ ದಶಕಗಳ ಕಾಲ ನಡೆಯಿತು. ಅಂಥ ಮಕ್ಕಳಲ್ಲಿ ಕೆಲವರಿಗೆ ಮುಂದೆ ಥೈರಾಯ್ಡ್ ಕ್ಯಾನ್ಸರ್ ತಗಲಿದ್ದು 1950ರಲ್ಲಿ ಬೆಳಕಿಗೆ ಬಂದಿತು. ಥೈಮಸ್ಸಿಲ್ಲದ ಇಲಿಮರಿಗಳಲ್ಲಿ ರೋಗನಿರೋಧಶಕ್ತಿ ಕುಂದುತ್ತದೆಂದು ಮಿಲ್ಲರ್ ತೋರಿಸಿದ್ದು 1961ರಲ್ಲಿ.

ಇಷ್ಟರಲ್ಲಿ ವಿವಾದದ ಬುಡವೇ ಸಡಿಲವಾಗಿತ್ತು. 1948ರಲ್ಲಿ ಸ್ವೀಡನ್ನಿನ ಆಸ್ಟ್ರಿಡ್ ಫಾಗ್ರೆಯಸ್, ಸೀರಮ್ಮಿನಲ್ಲಿರುವ ಪ್ರತಿಕಾಯಗಳನ್ನು ತಯಾರಿಸುವುದು ಪ್ಲಾಸ್ಮಾ ಕೋಶಗಳೆಂದು ಪ್ರತಿಪಾದಿಸಿದಳು. ಆ ಕೋಶಗಳು ಲಿಂಫೋಸೈಟಿನ ಸಂತತಿಯೆಂಬುದು ಅನಂತರ ಸ್ಥಿರಪಟ್ಟಿತು. ದ್ರವದ ಪಕ್ಷದವರು ಎತ್ತಿ ತೋರಿಸಿದ ಆಯುಧ ಶ್ವೇತಕಣದ ಕುಲುಮೆಯಲ್ಲಿಯೇ ತಯಾರಾಗುತ್ತಿತ್ತು. ಪ್ರತಿವಿಷಗಳು ಕೋಶದಿಂದ ಕಳಚಿ ರಕ್ತಕ್ಕೆ ಬರುತ್ತವೆಯೆಂದು ಏರ್ಲಿಕ್ 1897ರಲ್ಲಿಯೇ ಸೂಚಿಸಿದ್ದನೆಂಬುದನ್ನು ನಾವಿಲ್ಲಿ ಮರೆಯಬಾರದು. ಸಂಧಾನದ ಬೀಜ ವಿವಾದದ ನಡುವೆಯೇ ಬಿದ್ದಿತ್ತು. ಪಕ್ಷಗಳ ಗದ್ದಲದಲ್ಲಿ ಅದಕ್ಕೆ ನೀರೆರೆದವರು ವಿರಳ.

1983ರಲ್ಲಿ ಪತ್ತೆಯಾದ ಏಡ್ಸ್ ವೈರಸ್ಸು ಲಿಂಫೋಸೈಟಿನ ಒಂದು ಬಗೆಯನ್ನೇ ನಾಶಮಾಡಿ ಇಡೀ ರಕ್ಷಣಾವ್ಯವಸ್ಥೆಯನ್ನು ಕೆಡವುತ್ತದೆ. ಕೋಶ ಬಿದ್ದರೆ ದ್ರವವೂ ನಿಲ್ಲದೆಂಬುದಕ್ಕೆ ಇದಕ್ಕಿಂತ ಕಠೋರವಾದ ಸಾಕ್ಷ್ಯ ಬೇಕಿಲ್ಲ. 1908ರ ಮಟ್ಟಿಗೆ ನಿಂತು ನೋಡಿದರೆ ಮೆಚ್ನಿಕಾಫ್ ಸೋತಂತೆಯೂ, 1961ರಿಂದ ನೋಡಿದರೆ ಗೆದ್ದಂತೆಯೂ ಕಾಣುವನು. ಎರಡು ತೀರ್ಪುಗಳೂ ಅಪೂರ್ಣ. ಒಂದು ಸಿದ್ಧಾಂತ ಬದಿಗೆ ಸರಿದಾಗ ಅದರೊಡನೆ ಯಾವ ಪ್ರಶ್ನೆಗಳು ಕೇಳದೆ ಉಳಿದುವು, ಅದರ ಬೆಲೆಯನ್ನು ಯಾರು ತೆತ್ತರು ಎಂಬುದನ್ನು ವಿಚಾರಿಸುವುದು ಚರಿತ್ರಕಾರನ ಹೊಣೆಯೆಂದು ನಾವು ಭಾವಿಸುತ್ತೇವೆ.