ತೆಲುಗು ಮನೆ, ಕನ್ನಡ ಕಚೇರಿ: ಕೋಲಾರದಲ್ಲಿ ಬಹುಮತದ ಲೆಕ್ಕ

1955ರ ಸೆಪ್ಟೆಂಬರ್ 30ರಂದು ರಾಜ್ಯ ಪುನರ್ವಿಂಗಡಣಾ ಆಯೋಗ ಸಲ್ಲಿಸಿದ ವರದಿಯಲ್ಲಿ ಕೋಲಾರ ಜಿಲ್ಲೆಯದು ತುಸು ವಿಚಿತ್ರ ಪಾತ್ರ. ಆಗಿನ ಜನಗಣತಿಯಂತೆ ಅಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಮನೆಮಾತು ತೆಲುಗು. ಜಿಲ್ಲೆ ತಮಗೆ ಸೇರಬೇಕೆಂದು ಆಂಧ್ರದವರು ಕೇಳಿದ್ದರು. ಆಯೋಗದಲ್ಲಿದ್ದ ಫಜಲ್ ಅಲಿ, ಎಚ್.ಎನ್. ಕುಂಜ್ರು, ಕೆ.ಎಂ. ಪಣಿಕ್ಕರ್ ಅದನ್ನು ಮೈಸೂರಿಗೇ ಬಿಟ್ಟರು. ಅದೇ ಆಯೋಗ ತುಂಗಭದ್ರಾ ಯೋಜನೆಯ ನೆಪದಲ್ಲಿ ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ತಾಲ್ಲೂಕುಗಳನ್ನು ಆಂಧ್ರಕ್ಕೆ ಕೊಡಲು ಶಿಫಾರಸು ಮಾಡಿತ್ತು. ಕೋಲಾರ ಉಳಿಯುವುದರಿಂದ ಮೈಸೂರಿನ ಆ ನಷ್ಟ ತುಂಬಿಬರುತ್ತದೆ ಎಂಬುದು ಅದರ ವಾದ. 1956ರ ರಾಜ್ಯ ಪುನರ್ವಿಂಗಡಣಾ ಕಾಯಿದೆ ಬಳ್ಳಾರಿಯ ಕುರಿತ ಶಿಫಾರಸನ್ನು ಒಪ್ಪಲಿಲ್ಲ, ಬಳ್ಳಾರಿ, ಕೋಲಾರ ಎರಡೂ ಮೈಸೂರಿಗೇ ಉಳಿದವು.

ಹೀಗೆ ಜಿಲ್ಲೆಯೊಳಗೆ ಬಹುಸಂಖ್ಯಾತರಾಗಿದ್ದವರು ರಾಜ್ಯದ ಲೆಕ್ಕದಲ್ಲಿ ಅಲ್ಪಸಂಖ್ಯಾತರಾದರು. ಯಾರೂ ಊರು ಬಿಟ್ಟು ಹೋಗಿರಲಿಲ್ಲ, ಎಣಿಸುವ ಚೌಕಟ್ಟಷ್ಟೇ ಬದಲಾಗಿತ್ತು.

ಇದರ ತೊಡಕು ಆಯೋಗಕ್ಕೂ ಗೊತ್ತಿತ್ತು. ಜನಸಂಖ್ಯೆಯ ಶೇ. 70ಕ್ಕೂ ಹೆಚ್ಚು ಮಂದಿ ಒಂದೇ ಭಾಷೆಯವರಾಗಿದ್ದರೆ ಅದು ಏಕಭಾಷಾ ರಾಜ್ಯ, ಶೇ. 30ರಷ್ಟು ಬೇರೆ ಭಾಷಿಕರಿದ್ದರೆ ದ್ವಿಭಾಷಾ ರಾಜ್ಯ ಎಂಬ ಅಳತೆಯನ್ನು ಅದು ಮುಂದಿಟ್ಟಿತು. ಜಿಲ್ಲೆಗೂ ಶೇ. 70ರ ಗೆರೆಯೇ: ಅಷ್ಟು ಜನರಿದ್ದರೆ ಅವರ ಭಾಷೆಗೆ ಜಿಲ್ಲೆಯ ಆಡಳಿತದಲ್ಲಿ ಸ್ಥಾನ. ಕೋಲಾರದ ತೆಲುಗು ಈ ಗೆರೆ ಮುಟ್ಟಲಿಲ್ಲ. ಅದಕ್ಕೆ ಉಳಿದದ್ದು ಶಾಲೆ ಮತ್ತು ಸರ್ಕಾರಿ ಸೂಚನಾಪತ್ರಗಳಲ್ಲಿನ ಜಾಗ. 1956ರ ಏಳನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಬಂದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ರಾಜ್ಯಗಳು ಪ್ರಯತ್ನಿಸಬೇಕೆನ್ನುತ್ತದೆ. 'ಪ್ರಯತ್ನ'ಕ್ಕೆ ಅವಧಿಯಾಗಲಿ ದಂಡವಾಗಲಿ ಇಲ್ಲ. ಶಾಲೆಯಲ್ಲಿ 40 ಅಥವಾ ತರಗತಿಯಲ್ಲಿ 10 ಮಕ್ಕಳಿದ್ದರೆ ಅವರ ಭಾಷೆಯಲ್ಲಿ ಕಲಿಸಬೇಕೆಂಬ 1949ರ ಸೂತ್ರವೂ ಅಧಿಕಾರಿಯ ಮರ್ಜಿಗೆ ಬಿಟ್ಟದ್ದಾಯಿತು.

ಆದರೂ ಕೋಲಾರ ಗಡಿಜಗಳದ ಬೆಳಗಾವಿಯಾಗಲಿಲ್ಲ. ಕಾರಣ ಹುಡುಕುವವರು ನಕ್ಷೆಗಿಂತ ಮೊದಲು ಇಲ್ಲಿನ ಜನರನ್ನು ನೋಡಬೇಕು. ಮುಳಬಾಗಿಲಿನಲ್ಲಿ ಹದಿನೈದನೇ ಶತಮಾನದಲ್ಲೇ ಶ್ರೀಪಾದರಾಜರು ಕನ್ನಡದಲ್ಲಿ ದೇವರನಾಮ ಕಟ್ಟಿದ್ದರು, ಡಿ.ವಿ. ಗುಂಡಪ್ಪ ಹುಟ್ಟಿದ್ದೂ ಅದೇ ಊರಿನಲ್ಲಿ, 1887ರಲ್ಲಿ. ಮಾಲೂರು ತಾಲ್ಲೂಕಿನ ತಮಿಳು ಮನೆಮಾತಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಕನ್ನಡದ ಸಣ್ಣಕತೆಗೆ ದಾರಿ ಹಾಕಿದರು. ಸ್ವಾತಂತ್ರ್ಯಾನಂತರ ಮೈಸೂರಿನ ಮೊದಲ ಮುಖ್ಯಮಂತ್ರಿ ಕೆ.ಸಿ. ರೆಡ್ಡಿ ಇದೇ ಜಿಲ್ಲೆಯವರು. ಶ್ರೀನಿವಾಸಪುರದಲ್ಲಿ ಮನೆಯೊಳಗೆ ತೆಲುಗು, ಕಚೇರಿಯಲ್ಲಿ ಕನ್ನಡ ಎಂಬ ಏರ್ಪಾಡಿಗೆ ಸರ್ಕಾರದ ಆದೇಶ ಬೇಕಾಗಿರಲಿಲ್ಲ. ಅಧಿಕಾರದ ಪಾಲು ಸಿಕ್ಕಿದವರು ಗಡಿಯ ಜಗಳ ಹೂಡುವುದು ಕಡಿಮೆ ಎಂಬ ಊಹೆಗೆ ಇಲ್ಲಿ ಆಧಾರವಿದೆ.

ಆದೇಶ ಬಂದಾಗ ಜಗಳವೂ ಬಂತು. ಶಾಲೆಯಲ್ಲಿ ಕನ್ನಡಕ್ಕೆ ಪ್ರಥಮ ಭಾಷೆಯ ಸ್ಥಾನ ಕೇಳಿದ ಗೋಕಾಕ್ ವರದಿ, ಅದನ್ನು ಹಿಂಬಾಲಿಸಿದ ಚಳವಳಿ, ನಟ ಡಾ. ರಾಜಕುಮಾರ್ ಬೀದಿಗಿಳಿದದ್ದು ಎಲ್ಲರಿಗೂ ನೆನಪಿದೆ. 1982ರ ಜುಲೈ 20ರ ಆದೇಶ ಪ್ರೌಢಶಾಲೆಯಲ್ಲಿ ಕನ್ನಡವನ್ನು ಏಕೈಕ ಪ್ರಥಮ ಭಾಷೆಯಾಗಿಸಿತು. ಭಾಷಾ ಅಲ್ಪಸಂಖ್ಯಾತರ ಸಮಿತಿ ಕೋರ್ಟಿಗೆ ಹೋಯಿತು. 1989ರಲ್ಲಿ ಕರ್ನಾಟಕ ಹೈಕೋರ್ಟಿನ ಪೂರ್ಣಪೀಠ ಆ ಒತ್ತಾಯ 29 ಮತ್ತು 30ನೇ ವಿಧಿಗಳಿಗೆ ವಿರುದ್ಧವೆಂದಿತು. ಸರ್ಕಾರ ಅದೇ ವರ್ಷ ಆಯ್ಕೆಗೆ ಎಡೆಯಿರುವ ಹೊಸ ಆದೇಶ ಹೊರಡಿಸಿತು, 1993ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಕನ್ನಡಕ್ಕಾದ ಸೋಲು ಎಂದು ಅನೇಕರು ನೊಂದರು. ಆದರೆ ಕಾಸರಗೋಡಿನ ಚಂದ್ರಗಿರಿ ಹೊಳೆಯ ಉತ್ತರಕ್ಕೆ ನಿಂತು ನೋಡಿದರೆ ಚಿತ್ರ ಬೇರೆ. 1956ರಲ್ಲಿ ಕೇರಳದ ಪಾಲಾದ ಅಲ್ಲಿನ ಕನ್ನಡಿಗರಿಗೆ, ಆ ಭಾಗ ಕರ್ನಾಟಕಕ್ಕೆ ಸೇರಬೇಕೆಂಬ ಮಹಾಜನ ಗಡಿ ಆಯೋಗದ 1967ರ ಶಿಫಾರಸು ಫಲ ಕೊಡಲಿಲ್ಲ. 2017ರಲ್ಲಿ ಕೇರಳ ಮಲಯಾಳ ಕಲಿಕೆಯನ್ನು ಕಡ್ಡಾಯಗೊಳಿಸಿದಾಗ ಅವರು ಹಿಡಿದದ್ದು ಬೆಂಗಳೂರಿನ ಕೋರ್ಟಿನಲ್ಲಿ ಕರ್ನಾಟಕ ಸರ್ಕಾರದ ವಿರುದ್ಧ ಗೆದ್ದ ಅದೇ ಬಗೆಯ ವಾದವನ್ನು.

ನಂತರದ ತಿರುವು ರಾಜ್ಯಭಾಷೆ, ಅಲ್ಪಸಂಖ್ಯಾತ ಭಾಷೆ ಎಂಬ ಎರಡೂ ಪಕ್ಷಗಳನ್ನು ದಾಟಿ ಹೋಯಿತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷೆಯನ್ನೇ ಮಾಧ್ಯಮವಾಗಿ ಹೇರುವ ಅಧಿಕಾರ ರಾಜ್ಯಕ್ಕಿಲ್ಲವೆಂದು ಕರ್ನಾಟಕದ ಪ್ರಕರಣದಲ್ಲೇ ತೀರ್ಪಿತ್ತಿತು. 2019ರಲ್ಲಿ ರಾಜ್ಯ ಸರ್ಕಾರ ತಾನೇ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯಿತು.